ನಮ್ಮದೂ ಒಂದು ಮೈಸೂರು ಮಲ್ಲಿಗೆ

ಕನ್ನಡದಲ್ಲಿ ಪ್ರೀತಿ ಅಂದ ಕೂಡಲೇ ನನಗೆ ಮೊದಲು ನೆನಪಾಗುವುದು ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’. 1942ರಲ್ಲಿ ಬಂದ ಪುಸ್ತಕ. ಕ್ವಿಟ್ ಇಂಡಿಯಾ ಚಳವಳಿಯ ವರ್ಷ ಅದು, ಮೇಲೆ ಮಹಾಯುದ್ಧ ಬೇರೆ. ಅಂಥ ಹೊತ್ತಿನಲ್ಲಿ ಇನ್ನೂ ಮೂವತ್ತು ದಾಟದ ಕವಿಯೊಬ್ಬರು ಮಾವನ ಮನೆಗೆ ಹೋಗಿದ್ದು, ಹೆಂಡತಿ ತವರಿನಲ್ಲಿ ಉಳಿದಿದ್ದು, ಬಳೆಗಾರ ಚೆನ್ನಯ್ಯ ನವಿಲೂರಿನಿಂದ ಸುದ್ದಿ ತಂದಿದ್ದು, ಇಂಥದ್ದನ್ನೆಲ್ಲ ಕೂತು ಪದ್ಯ ಮಾಡಿದರು. ರಾಯರು ರಾತ್ರಿ ಹೊತ್ತು ಬಂದರೆ ಪದುಮ ಒಳಗಿಲ್ಲ. ಅಷ್ಟೇ ಒಂದು ಪದ್ಯದ ಸಂಕಟ. ಆ ಪುಸ್ತಕ ಇವತ್ತಿಗೂ ಮಾರಾಟವಾಗುತ್ತದೆ, ಇವತ್ತಿಗೂ ಮದುವೆ ಮನೆಯಲ್ಲಿ ಉಡುಗೊರೆ ಕೊಡುತ್ತಾರೆ.

ನಾನು ಗೇ. ಬೆಂಗಳೂರಿನಲ್ಲಿ ಒಬ್ಬ ಗಂಡಸಿನ ಜೊತೆ ಬಹಳ ವರ್ಷದಿಂದ ಒಂದೇ ಮನೆಯಲ್ಲಿ ಇದ್ದೇನೆ. ನನಗೆ ಈ ಪುಸ್ತಕವನ್ನು ಯಾರೂ ಉಡುಗೊರೆ ಕೊಡಲಿಲ್ಲ, ನಾನೇ ಕೊಂಡೆ. ಅದಕ್ಕೂ ಮುಂಚೆ ಅದು ಅಮ್ಮನ ಬಾಯಲ್ಲಿ ಇತ್ತು. ಅಮ್ಮನಿಗೆ ಈ ಪದ್ಯಗಳು ಪುಸ್ತಕದಿಂದ ಬಂದದ್ದಲ್ಲ, ಕ್ಯಾಸೆಟ್ಟಿನಿಂದ ಬಂದದ್ದು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇವರ ದನಿಯಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಹಾಸನ ಜಿಲ್ಲೆಯ ನಮ್ಮೂರಿನ ಅಡುಗೆಮನೆಯಲ್ಲಿ ಅಮ್ಮ ಸೊಪ್ಪು ಸೋಸುತ್ತಾ ಗುನುಗುತ್ತಿದ್ದರೆ ನಾನು ಬಾಗಿಲ ಬಳಿ ಕೂತು ಕೇಳುತ್ತಿದ್ದೆ. ಹದಿನಾಲ್ಕು ಹದಿನೈದರ ವಯಸ್ಸು. ಕೆಲವೊಮ್ಮೆ ನಾನೇ ಬಂಡಿಯಿಂದಿಳಿದು ಬರುವ ರಾಯರು, ಕೆಲವೊಮ್ಮೆ ಒಳಮನೆಯಲ್ಲಿ ಕಾಯುತ್ತಿರುವವನು. ಯಾರಿಗೂ ಹೇಳಲಿಲ್ಲ. ನನ್ನಂಥವರು ಓದುವುದನ್ನು ಕಲಿಯುವುದೇ ಹೀಗೆ, ಬೇರೆಯವರಿಗೆ ಹೊಲಿದ ಅಂಗಿಯನ್ನು ನಮ್ಮ ಮೈಗೆ ಹಿಡಿದು ನೋಡಿಕೊಳ್ಳುತ್ತಾ.

ಇಷ್ಟು ವರ್ಷ ಹಾಗೆ ಓದಿದ ಮೇಲೆ ಈಗ ನನಗೆ ಒಂದು ಆಸೆ ಜಾಸ್ತಿ ಆಗಿದೆ. ನಮ್ಮ ಅಳತೆಗೇ ಬರೆದದ್ದು ಬೇಕು. ಇಬ್ಬರು ಗಂಡಸರು ಮನೆ ಮಾಡಿಕೊಂಡು, ಹಾಲು ಮೊಸರು ತಂದುಕೊಂಡು, ಜಗಳವಾಡಿಕೊಂಡು, ಒಬ್ಬರ ಜ್ವರಕ್ಕೆ ಇನ್ನೊಬ್ಬರು ಗಂಜಿ ಕಾಯಿಸಿಕೊಂಡು ಬದುಕುವ ಪದ್ಯ ಕನ್ನಡದಲ್ಲಿ ಬೇಕು. ನಮ್ಮ ಬಗ್ಗೆ ಕನ್ನಡದಲ್ಲಿ ನೋವಿನ ಬರಹ ಬಂದಿದೆ, ಕಾನೂನಿನ ಲೇಖನ ಬಂದಿದೆ, ಪುರಾಣದ ಉದಾಹರಣೆ ಬೇಕಾದಷ್ಟು ಬಂದಿದೆ. ಸಂಸಾರದ ಬರಹ ನನ್ನ ಕೈಗೆ ಸಿಕ್ಕಿದ್ದು ಬಹಳ ಕಡಿಮೆ.

ಮೊದಲು ನೋವಿನ ಬರಹದ ಮಾತು. ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಅದಕ್ಕೂ ಮೊದಲು ನಮ್ಮೂರಿನ ಲೈಬ್ರರಿಯಲ್ಲಿ ನನ್ನ ಬಗ್ಗೆ ಸಿಗುತ್ತಿದ್ದದ್ದು ವಾರಪತ್ರಿಕೆಯ ಪ್ರಶ್ನೋತ್ತರ ಅಂಕಣದಲ್ಲಿ ಮಾತ್ರ. ಹೆಸರು ಹೇಳದ ಯಾವನೋ ಹುಡುಗ ಪ್ರಶ್ನೆ ಕೇಳಿರುತ್ತಿದ್ದ. ಡಾಕ್ಟರು ‘ಚಿಂತೆ ಬೇಡ, ಮದುವೆಯಾದರೆ ಸರಿಹೋಗುತ್ತದೆ’ ಎಂದು ಎರಡು ಸಾಲಿನಲ್ಲಿ ಉತ್ತರ ಕೊಟ್ಟಿರುತ್ತಿದ್ದರು. ಆ ಹುಡುಗ ಮದುವೆಯಾದನಾ, ಆ ಹೆಣ್ಣುಮಗಳ ಗತಿ ಏನಾಯಿತು ಅಂತ ನಾನು ಈಗಲೂ ಯೋಚಿಸುತ್ತೇನೆ. ಅಂಥ ಎರಡು ಸಾಲುಗಳ ನಂತರ ಇಡೀ ಒಂದು ಕಥಾಸಂಕಲನ ಬಂತು. ಅದೂ ಯಾರಿಂದ? ಸಂಡೂರಿನಿಂದ ಬಂದು, ಸಾಫ್ಟ್‌ವೇರ್ ಕೆಲಸ ಮಾಡಿ, ಅಮ್ಮನ ಬಗ್ಗೆ ಬರೆದ ಪ್ರಬಂಧಗಳಿಂದ ಮನೆಮನೆಯಲ್ಲೂ ಓದುಗರನ್ನು ಪಡೆದಿದ್ದ ಬರಹಗಾರರಿಂದ. ಅವರನ್ನು ನಮ್ಮ ಅಮ್ಮನೂ ಓದಿದ್ದರು. ಇದು ಬಹಳ ಮುಖ್ಯ. ಇಂಗ್ಲಿಷಿನಲ್ಲಿ ಎಷ್ಟು ಗೇ ಕಾದಂಬರಿ ಇದ್ದರೂ ಅವು ನಮ್ಮ ಅಮ್ಮನ ಕೈ ತಲುಪುವುದಿಲ್ಲ, ಚಿಕ್ಕಪ್ಪನ ಕೈ ತಲುಪುವುದಿಲ್ಲ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಕೈ ತಲುಪುವುದಿಲ್ಲ. ‘ಮೋಹನಸ್ವಾಮಿ’ ತಲುಪಿತು.

ಅದರಲ್ಲಿ ಕಾರ್ತಿಕ್ ಅನ್ನುವವನು ಮೋಹನಸ್ವಾಮಿಯ ಜೊತೆಗಿದ್ದು, ಕೊನೆಗೆ ಒಂದು ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಅದನ್ನು ಓದಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. ನನಗೂ ಅಂಥ ಒಬ್ಬ ಕಾರ್ತಿಕ್ ಇದ್ದ. ಅವನ ಮದುವೆಯಲ್ಲಿ ನಾನು ಬಡಿಸಿದ್ದೇನೆ. ಆ ಪುಸ್ತಕ ಬಂದ ವರ್ಷವೇ, ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟ್ ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ ಸೆಕ್ಷನ್ 377ನ್ನು ಮತ್ತೆ ನಮ್ಮ ತಲೆ ಮೇಲೆ ಇಟ್ಟಿತು. ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ, ಬ್ರಿಟಿಷರು 1860ರಲ್ಲಿ ಬರೆದ ಕಾನೂನು. ಒಂದೇ ವರ್ಷದಲ್ಲಿ ಕನ್ನಡ ನಮ್ಮನ್ನು ಒಳಗೆ ಕರೆದಿತ್ತು, ಕೋರ್ಟು ಹೊರಗೆ ಹಾಕಿತ್ತು. ಆ ಚಳಿಗಾಲದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಥೆಗಳು ಅಂತ ನಾನು ಯಾವ ಉತ್ಪ್ರೇಕ್ಷೆಯೂ ಇಲ್ಲದೆ ಹೇಳಬಲ್ಲೆ.

ಆದರೆ ಆಮೇಲೆ ನನ್ನೊಳಗೆ ಬೇರೆ ಒಂದು ಪ್ರಶ್ನೆ ಬೆಳೆಯಿತು. ಕಾರ್ತಿಕ್ ಹೋಗದೆ ಉಳಿದಿದ್ದರೆ? ಅವರ ಮನೆ ಹೇಗಿರುತ್ತಿತ್ತು? ಹತ್ತು ವರ್ಷ ಆದ ಮೇಲೆ ಅವರು ಯಾವ ವಿಷಯಕ್ಕೆ ಜಗಳವಾಡುತ್ತಿದ್ದರು? ಗೊಜ್ಜಿಗೆ ಹುಳಿ ಜಾಸ್ತಿ ಆಯಿತು ಅಂತಲಾ? ಯಾರ ಅಮ್ಮ ಮೊದಲು ಬಂದು ಆ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುತ್ತಿದ್ದರು? ಬಿಟ್ಟುಹೋಗುವವರ ಕತೆ ನಮಗೆ ಚೆನ್ನಾಗಿ ಗೊತ್ತು. ಉಳಿದವರ ಕತೆ ಯಾರು ಬರೆಯಬೇಕು?

ಈ ಮಾತು ಎತ್ತಿದರೆ ಕೆಲವು ಸ್ನೇಹಿತರು ಬೃಹನ್ನಳೆ, ಶಿಖಂಡಿ, ಮೋಹಿನಿ ಅಂತ ಶುರು ಮಾಡುತ್ತಾರೆ. ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇತ್ತಪ್ಪ, ಬ್ರಿಟಿಷರು ಬಂದು ಕೆಡಿಸಿದರು ಅಂತ. ಆ ವಾದ ಮಾಡುವವರ ಒಳ್ಳೆಯ ಮನಸ್ಸು ನನಗೆ ಅರ್ಥವಾಗುತ್ತದೆ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ಜನ ನಾವು. ಸವದತ್ತಿ ಎಲ್ಲಮ್ಮನ ಜೋಗಪ್ಪಗಳನ್ನು ಕಂಡಿದ್ದೇವೆ. ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ಆ ದೃಶ್ಯ ನೋಡಿ ನಾನು ಅತ್ತಿದ್ದೇನೆ. ಆದರೆ ಅವರದು ಟ್ರಾನ್ಸ್ ಹೆಣ್ಣಿನ ಬದುಕು, ಅದರ ಕಷ್ಟಗಳೇ ಬೇರೆ, ಅದರ ಹೋರಾಟ ನನ್ನದಕ್ಕಿಂತ ಎಷ್ಟೋ ಕಠಿಣ. ನಾನು ಗಂಡಸು, ಗಂಡಸಾಗಿಯೇ ಇರಲು ಇಷ್ಟಪಡುವವನು, ಗಂಡಸನ್ನು ಪ್ರೀತಿಸುವವನು. ನಮ್ಮಲ್ಲಿ ಬಹಳ ಜನ ಇದೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೋಹಿನಿಯ ಕತೆ ಕೇಳಲು ಚೆನ್ನ, ಆದರೆ ಮೋಹಿನಿ ಯಾವತ್ತೂ ಮನೆ ಬಾಡಿಗೆ ಕಟ್ಟಲಿಲ್ಲ ಅಲ್ವಾ.

ಹಳೆಯದರಲ್ಲಿ ನನಗೆ ನಿಜವಾಗಿ ಹತ್ತಿರವಾದವನು ಜೇಡರ ದಾಸಿಮಯ್ಯ. ಮೊಲೆ ಮುಡಿ ಬಂದರೆ ಹೆಣ್ಣೆನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡೆನ್ನುತ್ತಾರೆ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು ಹೇಳಿದವನು. ಈ ವಚನವನ್ನು ನಮ್ಮ ಕೂಟಗಳಲ್ಲಿ ಎಲ್ಲರೂ ಹೇಳುತ್ತಾರೆ. ಮಂಜಮ್ಮನವರ ಆತ್ಮಕತೆಯ ಹೆಸರೂ ಇದರಿಂದಲೇ ಬಂದದ್ದು. ಆದರೆ ಅದೇ ದಾಸಿಮಯ್ಯನ ಇನ್ನೊಂದು ವಚನವನ್ನು ಯಾರೂ ಆ ಹೊತ್ತಿನಲ್ಲಿ ನೆನೆಯುವುದಿಲ್ಲ. ಸತಿಪತಿಗಳೊಂದಾದ ಭಕ್ತಿ ಶಿವನಿಗೆ ಹಿತ ಅನ್ನುವುದು. ಅವನು ಬಟ್ಟೆ ನೇಯುತ್ತಿದ್ದವನು, ದುಗ್ಗಳೆಯ ಜೊತೆ ಸಂಸಾರ ಮಾಡಿದವನು. ಆತ್ಮಕ್ಕೆ ಗಂಡು ಹೆಣ್ಣು ಎಂಬುದಿಲ್ಲ ಎಂದು ಕಂಡುಕೊಂಡವನೇ ಮನೆಯಲ್ಲಿ ಇಬ್ಬರು ಒಂದಾಗಿ ಬಾಳುವುದು ದೊಡ್ಡದು ಅಂತಲೂ ಹೇಳಿದ. ನಾನು ಈ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುತ್ತೇನೆ. ಹಾಗೆ ಓದುವಾಗ ಸತಿ ಯಾರು ಪತಿ ಯಾರು ಅನ್ನುವುದು ನನಗೆ ತೊಡಕಾಗುವುದಿಲ್ಲ.

ಹೊರಗಿನ ಪುಸ್ತಕಗಳಲ್ಲೂ ಇದನ್ನೇ ಹುಡುಕಿದೆ. ಇ.ಎಂ. ಫಾರ್ಸ್ಟರ್ ‘ಮಾರಿಸ್’ ಕಾದಂಬರಿಯನ್ನು 1913-14ರಲ್ಲೇ ಬರೆದಿದ್ದ. ಅದು ಅಚ್ಚಾಗಿದ್ದು 1971ರಲ್ಲಿ, ಅವನು ತೀರಿಕೊಂಡ ಮರುವರ್ಷ. ಅಲ್ಲಿಯವರೆಗೆ ಹಸ್ತಪ್ರತಿಯಲ್ಲೇ ಉಳಿಯಿತು. ಸುಖಾಂತ್ಯ ಬೇಕೇ ಬೇಕು ಅಂತ ಹಟ ಹಿಡಿದು ಬರೆದದ್ದು ಅದು. ಆ ಕಾಲಕ್ಕೆ ಅದೇ ದೊಡ್ಡ ಧೈರ್ಯ. ಅಂಥ ಕತೆಯಲ್ಲಿ ಒಬ್ಬ ಸಾಯಬೇಕು ಇಲ್ಲವೇ ಜೈಲಿಗೆ ಹೋಗಬೇಕು ಅಂತ ಎಲ್ಲರೂ ಅಂದುಕೊಳ್ಳುವ ಕಾಲ. ಆದರೂ ಆ ಸುಖ ಎಲ್ಲಿದೆ ನೋಡಿ. ಆ ಕತೆಯ ಇಬ್ಬರು ಗಂಡಸರೂ ಊರು ಬಿಟ್ಟು ಕಾಡು ಸೇರುತ್ತಾರೆ. ಫಾರ್ಸ್ಟರ್‌ಗೆ ಬೇರೆ ಜಾಗ ಸಿಗಲಿಲ್ಲ, ಅವನ ಇಂಗ್ಲೆಂಡಿನಲ್ಲಿ ಇರಲಿಲ್ಲ. ನನಗೆ ವನವಾಸದ ಸುಖ ಬೇಡ. ಗಾಂಧಿ ಬಜಾರಿನಲ್ಲಿ ಇಬ್ಬರೂ ಒಟ್ಟಿಗೆ ಹೋಗಿ ತರಕಾರಿ ತರುವ ಸುಖ ಬೇಕು.

ಹತ್ತಿರಕ್ಕೆ ಬಂದದ್ದು ಕ್ರಿಸ್ಟೋಫರ್ ಇಶರ್‌ವುಡ್. ನಮ್ಮ ಕಡೆ ಅವನ ಹೆಸರು ಕೇಳಿದವರಲ್ಲಿ ಬಹಳ ಜನ ಅವನನ್ನು ರಾಮಕೃಷ್ಣ ಪರಮಹಂಸರ ಜೀವನಚರಿತ್ರೆ ಬರೆದವನು, ಸ್ವಾಮಿ ಪ್ರಭವಾನಂದರ ಜೊತೆ ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದವನು ಅಂತ ತಿಳಿದಿದ್ದಾರೆ. ಅವನು ಗೇ ಅನ್ನುವುದು, ಡಾನ್ ಬಚಾರ್ಡಿ ಎಂಬ ಚಿತ್ರಕಾರನ ಜೊತೆ 1953ರಿಂದ 1986ರಲ್ಲಿ ತೀರಿಕೊಳ್ಳುವವರೆಗೂ ಬದುಕಿದ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. 1964ರಲ್ಲಿ ಬಂದ ಅವನ ‘ಎ ಸಿಂಗಲ್ ಮ್ಯಾನ್’ ಒಂದೇ ದಿನದ ಕತೆ. ಜಾರ್ಜ್ ಎಂಬ ಮೇಷ್ಟ್ರು. ಅವನ ಜೊತೆಗಾರ ಜಿಮ್ ಅಪಘಾತದಲ್ಲಿ ಹೋಗಿಬಿಟ್ಟಿದ್ದಾನೆ. ಮೊದಲ ಪುಟಗಳಲ್ಲೇ ಆ ಪುಟ್ಟ ಮನೆ ಬರುತ್ತದೆ. ಒಂದೇ ಸಣ್ಣ ಒಲೆಯ ಮುಂದೆ ಮೊಣಕೈಗೆ ಮೊಣಕೈ ತಾಗಿಸಿ ಅಡುಗೆ ಮಾಡಿದ್ದು, ಇಕ್ಕಟ್ಟು ಮೆಟ್ಟಿಲಲ್ಲಿ ಒಬ್ಬರನ್ನೊಬ್ಬರು ಒರಸಿಕೊಂಡು ದಾಟಿದ್ದು, ಒಂದೇ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಂಡಿದ್ದು. ಅದನ್ನು ಓದಿ ನಾನು ಪುಸ್ತಕ ಕೆಳಗಿಟ್ಟು ಅಡುಗೆಮನೆಗೆ ಹೋಗಿ ನನ್ನವನನ್ನು ನೋಡಿಕೊಂಡು ಬಂದೆ. ಒಂದು ನೋವು ಮಾತ್ರ ಉಳಿಯಿತು. ಇಷ್ಟು ಚಂದದ ಸಂಸಾರ ಪುಟಕ್ಕೆ ಬರಲು ಒಬ್ಬ ಸಾಯಲೇಬೇಕಾಯಿತೇ?

ಚಿತ್ರಕಲೆಯಲ್ಲಿ ಭೂಪೇನ್ ಖಖ್ಖರ್ ಸಿಕ್ಕಿದರು. ನನ್ನವನಿಗೆ ಕತೆ ಕಾದಂಬರಿ ಓದುವ ಅಭ್ಯಾಸ ಇಲ್ಲ. ಆಡಿಟರ್ ಆಫೀಸಿನಲ್ಲಿ ಕೆಲಸ, ಲೆಕ್ಕದ ಮನುಷ್ಯ. ಖಖ್ಖರ್ ಕೂಡ ಚಾರ್ಟರ್ಡ್ ಅಕೌಂಟೆಂಟ್ ಅಂತ ಹೇಳಿದ್ದೇ ತಡ, ‘ತೋರ್ಸು, ತೋರ್ಸು’ ಅಂತ ಪಕ್ಕಕ್ಕೆ ಬಂದು ಕೂತ. ಮುಂಬಯಿಯಲ್ಲಿ ಹುಟ್ಟಿ ಬರೋಡದಲ್ಲಿ ನೆಲೆಸಿದ ಅವರು ದಿನದ ಒಂದು ಭಾಗ ಲೆಕ್ಕ ಬರೆದು, ಉಳಿದ ಹೊತ್ತು ಚಿತ್ರ ಬರೆಯುತ್ತಿದ್ದರು. 1970ರ ದಶಕದಲ್ಲಿ ಬರೆದದ್ದು ಕ್ಷೌರದ ಅಂಗಡಿ, ಗಡಿಯಾರ ರಿಪೇರಿಯವನು, ಆಫೀಸಿನ ಗುಮಾಸ್ತ, ಇಂಥವರನ್ನು. ಮುಂದೆ 1981ರಲ್ಲಿ ‘ಯು ಕಾಂಟ್ ಪ್ಲೀಸ್ ಆಲ್’ ಎಂಬ ದೊಡ್ಡ ಚಿತ್ರದಿಂದ ತಾನು ಏನು ಅನ್ನುವುದನ್ನು ಎಲ್ಲರ ಎದುರು ಇಟ್ಟರು. ಅದೇ ಹೆಸರಿನಲ್ಲಿ 2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅವರ ದೊಡ್ಡ ಪ್ರದರ್ಶನ ನಡೆಯಿತು. ಅವರ ಚಿತ್ರದ ಪ್ರೇಮಿಗಳು ಜಿಮ್ಮಿಗೆ ಹೋಗಿ ಮೈ ಬೆಳೆಸಿದ ಹುಡುಗರಲ್ಲ. ತಲೆ ನರೆತವರು, ಹೊಟ್ಟೆ ಬಂದವರು, ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕೂರುವಂಥವರು. ಇಬ್ಬರು ಮುದುಕರ ನಡುವಿನ ಅಕ್ಕರೆಯನ್ನು ಅಷ್ಟು ಗೌರವದಿಂದ ನಮ್ಮ ದೇಶದಲ್ಲಿ ಇನ್ನೊಬ್ಬರು ತೋರಿಸಿದ್ದನ್ನು ನಾನು ಕಂಡಿಲ್ಲ. ನನ್ನವನು ಬಹಳ ಹೊತ್ತು ನೋಡಿ, ‘ನಾವೂ ಹಿಂಗ ಆಗ್ತೀವಿ’ ಅಂದ. ಖುಷಿಯಲ್ಲೇ ಅಂದದ್ದು.

ಅವನು ಗದಗದ ಕಡೆಯವನು. ನಾನು ಹಾಸನದವನು. ನರಸಿಂಹಸ್ವಾಮಿಯವರ ಪದ್ಯದಲ್ಲಿ ಗಂಡ ಕನಸಿನಲ್ಲಿ ಹೆಂಡತಿಯನ್ನು ನಮ್ಮೂರು ಹೊನ್ನೂರು ಚಂದವೋ ನಿಮ್ಮೂರು ನವಿಲೂರು ಚಂದವೋ ಅಂತ ಕೇಳುತ್ತಾನಲ್ಲ, ಅದು ನಮ್ಮ ಮನೆಯಲ್ಲಿ ದಿನಾ ನಡೆಯುವ ಮಾತು. ‘ಮುದ್ದಿ ನುಂಗೂದು ಒಂದು ಊಟ ಏನೋ? ಹಲ್ಲಿಗೆ ಕೆಲಸ ಬ್ಯಾಡೇನು?’ ಅಂತ ಅವನು. ನಿಮ್ಮ ಖಡಕ್ ರೊಟ್ಟಿ ಕಡಿದು ನನ್ನ ಹಲ್ಲೇ ಹೋಯಿತು ಅಂತ ನಾನು. ಭಾನುವಾರ ರೊಟ್ಟಿ ಎಣ್ಣೆಗಾಯಿ, ಬುಧವಾರ ಮುದ್ದೆ ಬಸ್ಸಾರು ಅಂತ ಒಂದು ಒಪ್ಪಂದ ಆಗಿದೆ. ಶೇಂಗಾ ಚಟ್ನಿಪುಡಿ ಮಾತ್ರ ಎರಡು ದಿನವೂ ಇರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಜುಲೈ ತಿಂಗಳು ಬಂತೆಂದರೆ ರಿಟರ್ನ್ ಸಲ್ಲಿಸುವ ಗಡಿಬಿಡಿ, ಅವನು ಮನೆಗೆ ಬರುವುದು ಹತ್ತೂವರೆ, ಹನ್ನೊಂದಕ್ಕೆ. ನಾನು ಸಾರು ಬಿಸಿ ಮಾಡಿ, ಆರಿ, ಮತ್ತೆ ಬಿಸಿ ಮಾಡಿ ಕಾಯುತ್ತೇನೆ. ಗೇಟಿನ ಚಿಲಕದ ಸದ್ದು ಕೇಳಿದರೆ ಎದೆ ಹಗುರಾಗುತ್ತದೆ. ಇಷ್ಟು ವರ್ಷ ಆದ ಮೇಲೂ. ಇದನ್ನೇ ನಾನು ಪದ್ಯ ಅನ್ನುತ್ತಿರುವುದು.

ಇಬ್ಬರು ಗಂಡಸರು ಒಟ್ಟಿಗೆ ಇರುವುದು ನಮ್ಮ ಊರುಗಳಲ್ಲಿ ಒಂದು ವಯಸ್ಸಿನವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ನೇಹಿತರು ಕೈ ಕೈ ಹಿಡಿದು ನಡೆಯುತ್ತಾರೆ, ಒಂದೇ ತಟ್ಟೆಯಲ್ಲಿ ತಿನ್ನುತ್ತಾರೆ, ಬೇಸಿಗೆಯಲ್ಲಿ ಮಾಳಿಗೆ ಮೇಲೆ ಒಂದೇ ಚಾಪೆಯಲ್ಲಿ ಮಲಗುತ್ತಾರೆ. ಗಂಡಸರ ನಡುವಿನ ಈ ಸಲಿಗೆ ನಮ್ಮ ಸಂಸ್ಕೃತಿಯ ಒಳ್ಳೆಯ ಗುಣ, ಅದು ಹಾಳಾಗಬಾರದು. ನಮಗೂ ಅದೇ ಆಸರೆಯಾಗಿತ್ತು. ಮೂವತ್ತು ದಾಟಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಇನ್ನೂ ರೂಮ್‌ಮೇಟಾ? ಮದುವೆ ಯಾವಾಗ? ಬಾಡಿಗೆ ಮನೆ ಹುಡುಕಲು ಹೋದರೆ ‘ಫ್ಯಾಮಿಲಿಗೆ ಮಾತ್ರ’ ಅನ್ನುವ ಬೋರ್ಡು. ಒಬ್ಬ ಮಾಲೀಕರಂತೂ ಹತ್ತು ತಿಂಗಳ ಅಡ್ವಾನ್ಸ್ ಮಾತಾದ ಮೇಲೆ, ಬ್ಯಾಚುಲರ್ಸ್ ಬೇಡ ಅಂತ ಅವರ ಹೆಂಡತಿ ಹೇಳಿದರು ಅಂದುಬಿಟ್ಟರು. ನಮ್ಮದು ಫ್ಯಾಮಿಲಿಯೇ ಸ್ವಾಮಿ ಅಂತ ಗಂಟಲವರೆಗೆ ಬಂದ ಮಾತು ಅಲ್ಲೇ ಉಳಿಯಿತು.

ಆ ಮಾತು ಗಂಟಲಲ್ಲೇ ಉಳಿದರೆ ಏನಾಗುತ್ತದೆ ಅನ್ನುವುದು ಗೊತ್ತಾಗಿದ್ದು ಅವನಿಗೆ ರಾತ್ರೋರಾತ್ರಿ ಹೊಟ್ಟೆನೋವು ಬಂದು ಅಪೆಂಡಿಕ್ಸ್ ಆಪರೇಷನ್ ಮಾಡಬೇಕಾಗಿ ಬಂದಾಗ. ಆಸ್ಪತ್ರೆಯ ಫಾರಂನಲ್ಲಿ ‘ರೋಗಿಗೆ ಸಂಬಂಧ’ ಅನ್ನುವ ಜಾಗ. ಸ್ನೇಹಿತ ಅಂತ ಬರೆದೆ. ಕೌಂಟರಿನ ಹುಡುಗಿ ಒಳ್ಳೆಯವಳೇ, ಮೆತ್ತಗೆ ಕೇಳಿದಳು: ‘ಮನೆಯವರು ಯಾರೂ ಬಂದಿಲ್ವಾ ಸರ್?’ ಅವನ ಅಕ್ಕ ಗದಗದಲ್ಲಿ. ಅವರಿಗೆ ಫೋನು ಮಾಡಿ, ಅವರು ಡಾಕ್ಟರ ಹತ್ತಿರ ಮಾತಾಡಿ, ಆಮೇಲೆ ಒಳಗೆ ಕರೆದುಕೊಂಡು ಹೋದರು. ಅವನಿಗೆ ಯಾವ ಮಾತ್ರೆ ಆಗುವುದಿಲ್ಲ, ಹೋದ ವರ್ಷ ಬಿಪಿ ಎಷ್ಟಿತ್ತು, ಕೊನೆಯ ಸಲ ಊಟ ಮಾಡಿದ್ದು ಎಷ್ಟು ಹೊತ್ತಿಗೆ, ಇದೆಲ್ಲ ಹೇಳಿದ್ದು ನಾನು. ಅವರಿಗೆ ಬೇಕಿದ್ದ ಒಪ್ಪಿಗೆ ಮಾತ್ರ ಗದಗದಿಂದ ಬರಬೇಕಾಯಿತು. ಅಕ್ಕ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬಂದರು. ನನ್ನನ್ನು ನೋಡಿದ ಕೂಡಲೇ ಮೊದಲು ಕೇಳಿದ್ದು, ‘ಏನರ ತಿಂದೀಯೇನೋ ತಮ್ಮಾ?’ ಎರಡು ವರ್ಷದ ಹಿಂದೆ ಅವರೇ ಅವನಿಗೆ ಹುಡುಗಿ ನೋಡುತ್ತಿದ್ದವರು. ಆಮೇಲೆ ನೋಡುವುದನ್ನು ನಿಲ್ಲಿಸಿದರು. ಯಾಕೆ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಾನೂನು ಸುಮ್ನೆ ಕೂತಿಲ್ಲ ಅನ್ನುವುದನ್ನೂ ಹೇಳಬೇಕು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳೂ ಒಮ್ಮತದಿಂದ, ಒಪ್ಪಿಗೆಯಿರುವ ವಯಸ್ಕರ ಸಂಬಂಧ ಅಪರಾಧವಲ್ಲ ಎಂದರು. ಅದಕ್ಕೆ ದಾರಿ ಮಾಡಿಕೊಟ್ಟ, ಖಾಸಗಿತನ ಮೂಲಭೂತ ಹಕ್ಕು ಎಂದ ತೀರ್ಪು 2017ರದು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು, ಅದು ನನಗೆ ಯಾವತ್ತೂ ಹೆಮ್ಮೆ. ಆದರೆ 2023ರ ಅಕ್ಟೋಬರ್ 17ರಂದು ಮದುವೆಯ ಪ್ರಶ್ನೆ ಬಂದಾಗ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಅಂತ ಐವರೂ ಹೇಳಿದರು. ಮದುವೆಯ ಹೆಸರಿಲ್ಲದ ಮಾನ್ಯತೆಯನ್ನಾದರೂ ಕೊಡಬೇಕು ಅಂದವರು ಇಬ್ಬರು, ಬೇಡ ಅಂದವರು ಮೂವರು. ಕೋಣೆಯೊಳಗೆ ನಾವು ಅಪರಾಧಿಗಳಲ್ಲ, ಸರಿ. ಕೋಣೆಯ ಬಾಗಿಲು ತೆಗೆದು ಹಾಲಿಗೆ ಬಂದರೆ ನಾವು ಯಾರು?

ಆ ತೀರ್ಪಿನ ನಂತರ ಸಂಪುಟ ಕಾರ್ಯದರ್ಶಿಯ ಸಮಿತಿ ಆಯಿತು. 2024ರ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೆಲವು ಸೂಚನೆಗಳು ಬಂದವು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ತಡೆಯೂ ಇಲ್ಲ ಅಂತ ಹಣಕಾಸು ಸಚಿವಾಲಯ ಸ್ಪಷ್ಟ ಮಾಡಿತು. ರೇಷನ್ ಕಾರ್ಡಿನಲ್ಲಿ ಇಬ್ಬರನ್ನೂ ಒಂದೇ ಮನೆಯವರೆಂದು ನೋಡಬೇಕು ಅಂತ ರಾಜ್ಯಗಳಿಗೆ ಪತ್ರ ಹೋಯಿತು. ಹತ್ತಿರದ ಬಂಧುಗಳು ಇಲ್ಲದಿದ್ದಾಗ ಸಂಗಾತಿ ಶವವನ್ನು ಪಡೆಯಬಹುದು ಅಂತ ಆರೋಗ್ಯ ಸಚಿವಾಲಯ ಬರೆಯಿತು. ಈ ಕೊನೆಯದನ್ನು ಓದುವಾಗ ನನಗೆ ಕೈ ನಡುಗಿತು. ಇಷ್ಟು ವರ್ಷ ಜೊತೆಗಿದ್ದವನ ಮೈಯನ್ನು ಕೇಳಿಕೊಳ್ಳಲೂ ಒಂದು ಸರ್ಕಾರಿ ಪತ್ರ ಬೇಕಾಗಿತ್ತು ಅನ್ನುವ ಸಂಕಟ. ಕೊನೆಗೂ ಅದು ಬಂತಲ್ಲ ಅನ್ನುವ ಸಮಾಧಾನವೂ ಇತ್ತು. 2025ರ ಮೇ 22ರಂದು ಮದರಾಸು ಹೈಕೋರ್ಟು ಮದುವೆಯೊಂದೇ ಕುಟುಂಬ ಕಟ್ಟುವ ದಾರಿಯಲ್ಲ ಅಂತ ಹೇಳಿದಾಗ ನಾನು ಆ ಸುದ್ದಿಯನ್ನು ಅವನ ಅಕ್ಕನಿಗೆ ಕಳಿಸಿದೆ. ಅವರು ಕೈ ಮುಗಿಯುವ ಚಿತ್ರ ಕಳಿಸಿದರು.

ನಾಮಿನಿ ಮಾಡಿದ ಮಾತ್ರಕ್ಕೆ ಆಸ್ತಿ ನಮ್ಮದಾಗುವುದಿಲ್ಲ, ನಾಮಿನಿ ಅದನ್ನು ವಾರಸುದಾರರ ಪರವಾಗಿ ಇಟ್ಟುಕೊಂಡವನು ಅಷ್ಟೇ ಅಂತ ನಮ್ಮ ಮನೆಯ ಲೆಕ್ಕದವನೇ ತಿಳಿಸಿ ಹೇಳಿದ. ಹಾಗಾಗಿ ಇಬ್ಬರೂ ವಿಲ್ ಬರೆದೆವು. ವಿಲ್ಲಿಗೆ ಕನಿಷ್ಠ ಇಬ್ಬರು ಸಾಕ್ಷಿ ಬೇಕು. ನಿಮ್ಮಂಥ ಓದುಗರಲ್ಲಿ ಇಂಥ ಪರಿಸ್ಥಿತಿಯಲ್ಲಿ ಇರುವವರು ಇದ್ದರೆ ದಯವಿಟ್ಟು ಇದನ್ನು ಮುಂದೂಡಬೇಡಿ. ನಾವಿಬ್ಬರೂ ಮೇಜಿನ ಮುಂದೆ ಕೂತು, ಯಾರ ಬಳಿ ಏನಿದೆ, ಯಾರು ಮೊದಲು ಹೋದರೆ ಏನು, ಊರಿನ ಜಮೀನು ಅಣ್ಣನಿಗೇ ಇರಲಿ, ಪುಸ್ತಕಗಳು ಯಾರಿಗೆ ಅಂತ ಮಾತಾಡಿದ ಆ ಸಂಜೆಯಷ್ಟು ಪ್ರೀತಿಯ ಸಂಜೆ ನನ್ನ ಬದುಕಿನಲ್ಲಿ ಕಡಿಮೆ.

ಅಮ್ಮನ ವಿಷಯ ಹೇಳಲಿಲ್ಲ. ಅಮ್ಮ ಡಿಸೆಂಬರ್ ಕೊನೆಗೆ, ಅವರೆಕಾಯಿ ಕಾಲಕ್ಕೆ, ಚೀಲದ ತುಂಬ ಸೊಗಡಿನ ಕಾಯಿ ತುಂಬಿಕೊಂಡು ನಮ್ಮ ಮನೆಗೆ ಬರುತ್ತಾರೆ. ಹಿತಕವರೆ ಸಾರು ಮಾಡಬೇಕಾದರೆ ಕೈ ಜಾಸ್ತಿ ಬೇಕು. ಕಾಯಿ ಬಿಡಿಸಿ, ಕಾಳು ನೆನೆಸಿ, ಒಂದೊಂದನ್ನೇ ಹಿಚುಕಬೇಕು. ಒಂದು ಸಲ ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಹಾಕಿದೆಯಾ ಇಲ್ಲವಾ ಅಂತ ನಾವಿಬ್ಬರೂ ಶುರು ಮಾಡಿದ ಮಾತು ಹಿಂದಿನ ತಿಂಗಳ ಗ್ಯಾಸ್ ಬುಕ್ಕಿಂಗ್, ಅದಕ್ಕೂ ಹಿಂದಿನ ದೀಪಾವಳಿ ತನಕ ಹೋಯಿತು. ಅಮ್ಮ ಕೇಳುವಷ್ಟು ಕೇಳಿ, ‘ಅದೇನ್ರೋ ಅದು, ಗಂಡ ಹೆಂಡ್ತಿ ಆಡಿದ ಹಾಗೆ ಆಡ್ತೀರಲ್ಲ’ ಅಂದುಬಿಟ್ಟರು. ನಾವಿಬ್ಬರೂ ಗಪ್‌ಚಿಪ್. ಅಮ್ಮನೂ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಅವನ ಕಡೆ ತಿರುಗಿ, ‘ನೀನು ಬಾ ಕಣಪ್ಪ, ಕಾಳು ಹಿಚುಕೋಕೆ ಕೂತ್ಕೋ. ಇವನಿಗೆ ಚಿಕ್ಕಂದಿನಿಂದ ಸೋಮಾರಿತನ’ ಅಂದರು. ಅವನು ಮಗ್ಗುಲಲ್ಲಿ ಕೂತ. ಮಧ್ಯಾಹ್ನ ತನಕ ಇಬ್ಬರೂ ಕಾಳು ಹಿಚುಕುತ್ತಾ, ಗದಗದ ಕಡೆ ಅವರೆಕಾಳನ್ನು ಹೇಗೆ ಮಾಡುತ್ತಾರೆ ಅಂತ ಮಾತಾಡಿದರು. ಅಮ್ಮ ಅದಕ್ಕಿಂತ ಹೆಚ್ಚು ಏನೂ ಕೇಳಿಲ್ಲ. ನಾನು ಹೇಳಬೇಕಾದದ್ದನ್ನು ಆ ವಾರವೇ ಕೂತು ಹೇಳಿದೆ. ‘ಗೊತ್ತು, ಬಿಡು. ನಿಮ್ಮಪ್ಪನಿಗೆ ನಾನು ಹೇಳ್ತೀನಿ, ಟೈಮ್ ಕೊಡು’ ಅಂದರು. ಟೈಮ್ ಕೊಟ್ಟಿದ್ದೇನೆ. ಅಪ್ಪ ಈಗ ಫೋನಿನಲ್ಲಿ ‘ಅವನು ಹೇಗಿದಾನೆ’ ಅಂತ ಕೇಳುತ್ತಾರೆ.

ಇಂಥದ್ದು ನಮ್ಮೊಬ್ಬರ ಮನೆಯಲ್ಲಿ ಮಾತ್ರ ನಡೆಯುತ್ತಿಲ್ಲ. ಹುಬ್ಬಳ್ಳಿಯಲ್ಲಿ, ಮಂಗಳೂರಿನಲ್ಲಿ, ಯಾವುದೋ ತಾಲ್ಲೂಕು ಕೇಂದ್ರದ ಬಾಡಿಗೆ ಮನೆಯಲ್ಲಿ ಗಂಡಸರಿಬ್ಬರೋ ಹೆಂಗಸರಿಬ್ಬರೋ ಹೀಗೆಯೇ ಇದ್ದಾರೆ. ಅವರ ಗೌರಿ ಹಬ್ಬ ಹೇಗೆ ನಡೆಯುತ್ತದೆ, ಬಾಗಿನ ಯಾರಿಗೆ ಹೋಗುತ್ತದೆ? ಊರಿನ ಸಾವಿಗೆ ಹೋದಾಗ ಯಾರ ಪಕ್ಕ ಕೂರುತ್ತಾರೆ? ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವ ಸರದಿ ಬಂದಾಗ ‘ನಿಂಗೇನು ಸಂಸಾರವಾ’ ಅಂತ ಅಣ್ಣಂದಿರು ಹೇಳಿದರೆ ಏನು ಉತ್ತರ ಕೊಡುತ್ತಾರೆ? ಇದೆಲ್ಲ ಕತೆಯೇ. ಕನ್ನಡದ ಒಳ್ಳೆಯ ಕತೆಗಳೆಲ್ಲ ಇಂಥ ನಡುಮನೆಯಲ್ಲೇ ಹುಟ್ಟಿದ್ದು.

ನಾನು ಒಂದು ಕತೆ ಬರೆಯುತ್ತಿದ್ದೇನೆ, ವಿಲ್ಲಿಗೆ ಸಾಕ್ಷಿ ಹುಡುಕುವ ಇಬ್ಬರು ಗಂಡಸರದು. ಅದರಲ್ಲಿ ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಸಹಿ ಹಾಕುವ ಮೊದಲು ಪೆನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆ ಏನಿರಬೇಕು ಅನ್ನುವಲ್ಲಿ ನಿಂತಿದೆ. ಮುಗಿದ ಮೇಲೆ ಯಾವುದಾದರೂ ದೀಪಾವಳಿ ವಿಶೇಷಾಂಕಕ್ಕೆ ಕಳಿಸುತ್ತೇನೆ. ಅಮ್ಮ ಓದುವ ಪತ್ರಿಕೆಗೇ ಕಳಿಸಬೇಕು ಅಂತ ಆಸೆ. ನಿಮ್ಮ ಬಳಿಯೂ ಇಂಥದ್ದು ಇದ್ದರೆ ಬರೆಯಿರಿ. ಹೆಸರು ಹಾಕಲು ಈಗ ಧೈರ್ಯ ಇಲ್ಲದಿದ್ದರೆ ಬೇರೆ ಹೆಸರಿನಲ್ಲಿ ಬರೆಯಿರಿ. ಮೋಹನಸ್ವಾಮಿಯ ಮೊದಲ ಕತೆಯನ್ನು ವಸುಧೇಂದ್ರ ಅವರೂ ಬೇರೆ ಹೆಸರಿನಲ್ಲೇ ಪ್ರಕಟಿಸಿದ್ದರು.